ಅಕ್ಕಿಕಾಳು ಬೀಳದ ಮದುವೆ

"ಇಲ್ರಿ. ಅಕ್ಕಿಕಾಳು ಬಿದ್ದಿಲ್ಲ."

ಹಾವೇರಿಯ ಕೋರ್ಟಿನಲ್ಲಿ ಶಿಲ್ಪಾಳ ದನಿ ಎರಡನೇ ಸಲ ಕೇಳಿಸಿತು. ಮೊದಲ ಸಲ ಕಂಪ್ಯೂಟರಿನ ಸ್ಪೀಕರ್ ಗೊರಗೊರ ಅಂದಿದ್ದರಿಂದ ಇನ್ನೊಮ್ಮೆ ಹಚ್ಚಿ ಎಂದು ನ್ಯಾಯಾಧೀಶರು ಹೇಳಿದ್ದರು. ಈ ಸಲ ಅಕ್ಷರ ಅಕ್ಷರವೂ ಸ್ಪಷ್ಟವಾಗಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಸಾಕ್ಷಿಯ ಕಟಕಟೆಯಲ್ಲಿ ನಿಂತಿದ್ದವನು ನಾನು, ಸೋಮಣ್ಣ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಸಿದ್ದೇಶ ತಾನು ಹಲಗೇರಿಯ ಶಿಲ್ಪಾಳನ್ನು ಮದುವೆಯಾಗಿಯೇ ಇಲ್ಲ ಅನ್ನುತ್ತಾನೆ, ಅವಳು ಆಗಿದೆ ಅನ್ನುತ್ತಾಳೆ, ಅವಳ ಮಾತನ್ನು ಸುಳ್ಳು ಮಾಡಲು ಸಿದ್ದೇಶನ ಕಡೆಯವರು ಗೊತ್ತುಮಾಡಿದ ಪತ್ತೇದಾರ ನಾನೇ.

"ಈ ಧ್ವನಿಮುದ್ರಣ ಪೂರ್ತಿ ಇದೆಯೇ? ಏನಾದರೂ ಕತ್ತರಿಸಿದ್ದೀರಾ?" ನ್ಯಾಯಾಧೀಶರು ಕೇಳಿದರು.

"ಪೂರ್ತಿ ಐತ್ರಿ ಸಾಹೇಬ್ರ."

ಹಾಗಂತ ಒಂದು ಪ್ರಮಾಣಪತ್ರಕ್ಕೆ ಆಗಲೇ ಸಹಿಯನ್ನೂ ಮಾಡಿದ್ದೆ. ಫೋನಿನಲ್ಲಿ ಹಿಡಿದ ದನಿಯನ್ನು ಕೋರ್ಟು ಒಪ್ಪಬೇಕಾದರೆ ಅಂಥದೊಂದು ಕಾಗದ ಬೇಕು. ಪೆನ್‌ಡ್ರೈವು, ಕಾಗದ ಎರಡನ್ನೂ ಒಂದೇ ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಒತ್ತಿ ಕೊಟ್ಟಿದ್ದೆ. ಮೂವತ್ತೊಂದು ವರ್ಷ ಇದೇ ಕೋರ್ಟಿನಲ್ಲಿ ಬೇಲೀಫನಾಗಿ, ಹಾವೇರಿ ಬ್ಯಾಡಗಿ ರಾಣೆಬೆನ್ನೂರಿನ ಬಾಗಿಲು ಬಾಗಿಲಿಗೆ ಸಮನ್ಸ್ ಅಂಟಿಸಿದವನಿಗೆ ಅರಗು ಕರಗಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಶಿಲ್ಪಾ ನನ್ನನ್ನು ನೋಡಿದಳು. ಬಯ್ಯಬಹುದು, ಶಾಪ ಹಾಕಬಹುದು ಅಂದುಕೊಂಡು ನಾನು ಸಿದ್ಧನಾಗಿದ್ದೆ. ಅವಳು ಸೆರಗು ಎಳೆದುಕೊಂಡು ಕೈಯ ಹಸಿರು ಬಳೆಗಳನ್ನು ಮುಚ್ಚಿಕೊಂಡಳು, ಅಷ್ಟೆ. ಬಳೆ ತೊಟ್ಟದ್ದೇ ತಪ್ಪು ಎಂಬಂತೆ ಮುಚ್ಚಿಕೊಂಡಳು.

ಆ ದನಿ ನನಗೆ ಸಿಕ್ಕದ್ದು ಹೀಗೆ. ಹೋದ ತಿಂಗಳು ರೇಷನ್ ಕಾರ್ಡ್ ತಪಾಸಣೆಯವನು ಎಂದು ಸುಳ್ಳು ಹೇಳಿ ಹಲಗೇರಿಯ ಅವಳ ತವರಿಗೆ ಹೋಗಿದ್ದೆ. ಬಿಸಿಲಲ್ಲಿ ಬಂದಿದ್ದೀರಿ ಎಂದು ಫ್ಯಾನನ್ನು ನನ್ನ ಕಡೆಗೆ ತಿರುಗಿಸಿದಳು. ಗಿರಮಿಟ್ಟು ಕೊಟ್ಟಳು, ಚಹಾ ಕೊಟ್ಟಳು. ಎರಡು ವರ್ಷದ ಅವಳ ಮಗಳು ನನ್ನ ಚೀಲದ ಗುಂಡಿಯನ್ನು ಹಿಡಿದು ಆಡುತ್ತಿತ್ತು. ಮಗುವಿನ ಕಾರ್ಡಿನಲ್ಲಿ ತಂದೆಯ ಹೆಸರು ಸೇರಿಸಬೇಕಾಗಿದೆ, ಮದುವೆ ಹೇಗಾಯಿತು ಹೇಳವಾ ಎಂದೆ. ನಿಮ್ಮ ಮದುವೆಯಲ್ಲಿ ಅಕ್ಷತೆಯ ಅಕ್ಕಿಕಾಳು ಬಿದ್ದಾವೇನು ಎಂದೂ ಕೇಳಿದೆ. ಜೇಬಿನಲ್ಲಿ ಫೋನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

"ಇಲ್ರಿ. ಅಕ್ಕಿಕಾಳು ಬಿದ್ದಿಲ್ಲ. ನಮಗೆಲ್ಲಿ ಬೀಳ್ತಾವರಿ ಯಪ್ಪಾ, ನಂದು ಉಡಕಿ. ರಾಣೆಬೆನ್ನೂರಿನಿಂದ ಅಕ್ಬರಬಿ ಬಂದು ಹಸಿರು ಬಳಿ ತೊಡಿಸಿದ್ಲು. ಅಜ್ಜಿ ಸೀರಿ ಉಡಿಸಿದ್ಲು. ಅವರು ತಾಳಿ ಕಟ್ಟಿದ್ರು."

ಅವಳು ಹೇಳಿದ್ದು ಇಷ್ಟು. ಕೋರ್ಟಿಗೆ ನಾನು ಕೊಟ್ಟದ್ದು ಮೊದಲ ಎರಡು ತುಂಡು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ಉಡಕಿ ಅಂದರೆ ಗಂಡ ಸತ್ತವಳ ಮರುಮದುವೆ. ನಮ್ಮ ಕಡೆ ಎಷ್ಟೋ ಮಂದಿಯಲ್ಲಿ ಇದು ಹಿಂದಿನಿಂದ ನಡೆದುಬಂದ ಪದ್ಧತಿ. ಹಂದರವಿಲ್ಲ, ಬಾಜಾಬಜಂತ್ರಿ ಇಲ್ಲ, ಲಗ್ನಪತ್ರಿಕೆಯಿಲ್ಲ, ಫೋಟೋ ಇಲ್ಲ. ಹೆಣ್ಣಿಗೆ ಅಕ್ಕಿಕಾಳು ಬೀಳುವುದು ಒಂದೇ ಸಲ, ಅದು ಮೊದಲ ಮದುವೆಯಲ್ಲಿ ಬಿದ್ದು ಹೋಗಿರುತ್ತದೆ. ಮುತ್ತೈದೆಯರು ಆ ಕಡೆ ಸುಳಿಯುವುದಿಲ್ಲ. ಹಸಿರು ಬಳೆ ತೊಡಿಸಿ, ಹೊಸ ಸೀರೆ ಉಡಿಸಿ, ನಾಲ್ಕು ಮಂದಿಯ ಎದುರಿಗೆ ತಾಳಿ ಕಟ್ಟಿದರೆ ಮುಗಿಯಿತು. ಅವಳು ಹೆಂಡತಿಯೇ.

ಇದೆಲ್ಲ ನನಗೆ ಹೇಗೆ ಗೊತ್ತು ಎಂಬುದನ್ನು ಈ ಕಥೆಯಲ್ಲಿ ಇಲ್ಲಿಯವರೆಗೆ ಎಲ್ಲಿಯೂ ಹೇಳಿಲ್ಲ. ಹೇಳಲು ನಾಚಿಕೆ.

ಶಿಲ್ಪಾಳ ವಕೀಲ ಹಜರತಅಲಿ ಎದ್ದು ನಿಂತರು. ಅದು ಉಡಕಿ ಮದುವೆ, ಅಕ್ಕಿಕಾಳಿನ ಪ್ರಶ್ನೆಯೇ ಬರುವುದಿಲ್ಲ, ಕಾನೂನು ಆಯಾ ಮಂದಿಯ ಪದ್ಧತಿಯನ್ನು ಒಪ್ಪುತ್ತದೆ ಎಂದು ವಾದಿಸಿದರು. ಪದ್ಧತಿಯನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ತಾಳಿ ಕಟ್ಟಿದ್ದನ್ನು ಕಣ್ಣಾರೆ ಕಂಡ ಒಬ್ಬರನ್ನಾದರೂ ಗುರುವಾರ ಕರೆತನ್ನಿ ಎಂದರು ನ್ಯಾಯಾಧೀಶರು. ತರದಿದ್ದರೆ ಸಾಕ್ಷ್ಯ ಅಲ್ಲಿಗೆ ಮುಗಿಯುತ್ತದೆ. ಶಿಲ್ಪಾ ಯಾರ ಹೆಂಡತಿಯೂ ಅಲ್ಲ, ಆ ಮಗುವಿನ ಕಾರ್ಡಿನಲ್ಲಿ ತಂದೆಯ ಜಾಗ ಖಾಲಿಯೇ ಉಳಿಯುತ್ತದೆ.

ಹೊರಗೆ ಬೇವಿನ ಮರದ ಕೆಳಗೆ ಸಿದ್ದೇಶನ ವಕೀಲ ಮೈಲೇಶ ನನ್ನ ಬೆನ್ನು ತಟ್ಟಿದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ತಲೆ ಮಾತ್ರ ನೂರು ವರ್ಷದ್ದು. ಆ ದಿನ ಹಲಗೇರಿಯಲ್ಲಿ ಯಾರು ಯಾರಿದ್ದರು ಎಂದು ಬೆರಳು ಮಡಚಿದರು. ಸಿದ್ದೇಶನ ಕಡೆಯ ಹಿರಿಯರು ಇಬ್ಬರು, ಅವರು ಬಾಯಿ ಬಿಡುವವರಲ್ಲ. ಶಿಲ್ಪಾಳ ಅಪ್ಪ, ಹೋದ ವರ್ಷ ತೀರಿಕೊಂಡ. ಬಳೆಗಾರ್ತಿ ಅಕ್ಬರಬಿ ಬಳೆ ತೊಡಿಸಿ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು, ತಾಳಿ ಕಟ್ಟಿದ್ದನ್ನು ನೋಡಿಲ್ಲ.

"ಉಳದಾಕಿ ಒಬ್ಬಾಕಿ, ಸೀರಿ ಉಡಿಸಿದ ಮುದುಕಿ" ಅಂದರು ಮೈಲೇಶ. "ಹಜರತಅಲಿ ಆಕಿನ್ನ ಹುಡುಕಾಕತ್ತಾರ. ಅವರ ಕೈಗೆ ಸಿಗೂದಕಿಂತ ಮದ್ಲ ನಮಗ ಸಿಗಬೇಕು, ಸೋಮಣ್ಣಾರ."

ಸಿಕ್ಕಮೇಲೆ ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಹೇಳಿಬಿಡುತ್ತಿದ್ದರೇನೋ ಎಂಬ ಹೆದರಿಕೆ.

*

ಬ್ಯಾಡಗಿಯ ಪೇಟೆಗೆ ಹೊಸಬರು ಬಂದರೆ ಸೀನಿನಿಂದಲೇ ಗುರುತು ಸಿಗುತ್ತದೆ. ನಾನು ಹಳಬ, ಒಂದೇ ಸಲ ಸೀನಿದೆ. ಸಿದ್ದೇಶನ ಅಂಗಡಿಯ ಮುಂದೆ ಮೆಣಸಿನಕಾಯಿಯ ರಾಶಿ ಬಿದ್ದಿತ್ತು. ಹೆಣ್ಣಾಳುಗಳು ಬಾಯಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದರು.

ಸಿದ್ದೇಶ ಗಾದಿಯಿಂದ ಎದ್ದು ಬಂದು ಕುಂದ್ರಿ ಅಂದ. ನಾನು ಕುಳಿತುಕೊಳ್ಳಲಿಲ್ಲ.

"ಆವತ್ತು ಸೀರಿ ಉಡಿಸಿದಾಕಿ ಯಾರು?"

"ಯಾವತ್ರಿ?"

"ನನ್ನ ಮುಂದ ನಾಟಕ ಬ್ಯಾಡೋ ತಮ್ಮಾ. ಕೋರ್ಟಿನ್ಯಾಗ ಮಾಡಿದ್ದು ಸಾಕು."

ಅವನು ಆಳುಗಳ ಕಡೆ ನೋಡಿ ದನಿ ಇಳಿಸಿದ. ಹೆಸರು ಗೊತ್ತಿಲ್ಲ, ಕಾಗಿನೆಲೆಯಿಂದ ಬಂದಿದ್ದಳು, ತಾನು ಆ ಹೊತ್ತು ತಲೆ ಎತ್ತಿದ್ದರೆ ತಾನೇ ಮುಖ ಕಾಣುವುದು ಅಂದ. ಮದುವೆಯಾಗಿಯೇ ಇಲ್ಲ ಅನ್ನುವವನು ಮದುವೆಯ ದಿನ ತಲೆ ತಗ್ಗಿಸಿ ಕೂತಿದ್ದನ್ನು ಹೀಗೆ ಹೇಳಿಬಿಟ್ಟ. ನಾನು ಅವನ ಮನುಷ್ಯ ಅಲ್ಲವೇ, ನನ್ನ ಮುಂದೆ ಮುಚ್ಚುಮರೆ ಯಾಕೆ?

ಮಗಳ ಮುಖ ನೆನಪಾಗುವುದಿಲ್ಲವೇನೋ ಎಂದೆ. ಅವನು ಉಗುರಿನ ಸಂದಿಯ ಕೆಂಪು ಪುಡಿಯನ್ನು ಕೆರೆದುಕೊಂಡ.

"ಖರೇ ಹೇಳ್ಲೇನ್ರಿ? ಆಕಿ ಕೆಟ್ಟಾಕಿ ಅಲ್ಲ. ಆದ್ರ ಪ್ಯಾಟ್ಯಾಗ ಉಡಕಿ ಮಾಡ್ಕೊಂಡಾಂವ ಅಂತ ಬೆನ್ನ ಹಿಂದ ನಗ್ತಾರ. ನಾಲ್ಕು ಮಂದ್ಯಾಗ ಎದ್ದು ನಿಲ್ಲಾಕ ನಾಚಿಕಿ ಆಕ್ಕೈತ್ರಿ. ಅಕ್ಕಿಕಾಳು ಬಿದ್ದ ಮದುವಿ ಒಂದು ನನಗೂ ಬ್ಯಾಡೇನು?"

ಅವನ ಕಪಾಳಕ್ಕೆ ಹೊಡೆಯಬೇಕಿತ್ತು. ಕೈ ಏಳಲಿಲ್ಲ. ಮೂವತ್ತೈದು ವರ್ಷದ ಹಿಂದೆ ನನ್ನ ಮದುವೆಯ ಮಾತುಕತೆಯಲ್ಲಿ ನಾನೂ ಇಂಥದೇ ಒಂದು ನಾಚಿಕೆಗೆ ಹೆದರಿ ಸುಳ್ಳು ಹೇಳಿದ್ದೆ. ಕಟ್ಟಿಕೊಂಡ ಹೆಂಡತಿಗೂ ಅವಳು ಸಾಯುವವರೆಗೆ ನಿಜ ಹೇಳಲಿಲ್ಲ.

ಕಾಗಿನೆಲೆ ನನ್ನ ಹುಟ್ಟೂರು. ಅಲ್ಲಿ ಮುದುಕಿಯರಿಗೇನು ಬರವೇ ಎಂದು ಸಮಾಧಾನ ಮಾಡಿಕೊಳ್ಳುತ್ತ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಆ ಸಮಾಧಾನ ಸವೆದುಹೋಗಿತ್ತು.

*

ಅಕ್ಬರಬಿಯ ಬಳೆ ಅಂಗಡಿ ರಾಣೆಬೆನ್ನೂರಿನ ಪೇಟೆಯ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿತ್ತು. ಅರವತ್ತರ ಹತ್ತಿರದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಳು. ಒಬ್ಬ ಬಸುರಿಗೆ ಬಳೆ ತೊಡಿಸುತ್ತಿದ್ದಳು. ಆ ಬಸುರಿ ಹೋಗುವ ತನಕ ನಾನು ಬಾಗಿಲಲ್ಲೇ ನಿಂತೆ.

ಹಲಗೇರಿಯ ಶಿಲ್ಪಾಳ ವಿಷಯ ಅಂದೊಡನೆ ಬಳೆ ಜೋಡಿಸುತ್ತಿದ್ದ ಅಕ್ಬರಬಿಯ ಕೈ ನಿಂತಿತು.

"ನೀವು ಯಾರ ಕಡೆಯವ್ರು?"

ನಾನು ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದೆ.

"ಹುಡುಗಿ ಕಡೆಯವ್ರಾದ್ರ ಕುಂದ್ರಿ ಅಣ್ಣಾರ. ಆ ಬ್ಯಾಡಗಿಯವನ ಕಡೆಯವ್ರಾದ್ರ ನಿಂತ ಕಾಲಲ್ಲೇ ಹೋಗ್ರಿ."

ಕುಳಿತೆ. ಸುಳ್ಳು ಹೇಳಿ ಕುಳಿತೆನೋ ನಿಜ ಹೇಳಿ ಕುಳಿತೆನೋ ನನಗೇ ತಿಳಿಯಲಿಲ್ಲ.

ಅವಳು ಹೇಳಿದ್ದೆಲ್ಲ ಶಿಲ್ಪಾ ಹೇಳಿದ್ದಕ್ಕೆ ತಾಳೆಯಾಯಿತು. ನಾಲ್ಕು ವರ್ಷದ ಹಿಂದೆ, ಇಳಿಹೊತ್ತು, ಹಲಗೇರಿಗೆ ಕರೆಸಿದ್ದರು. ಎರಡು-ನಾಲ್ಕರ ಅಳತೆಯ ಹಸಿರು ಬಳೆ, ಕೈಗೊಂದು ಡಜನ್. ಗಂಡ ಸತ್ತ ದಿನದಿಂದ ಬೋಳಾಗಿದ್ದ ಕೈಗೆ ಬಳೆ ಸುಮ್ಮಸುಮ್ಮನೆ ಯಾರೂ ತೊಡಿಸುವುದಿಲ್ಲ, ಉಡಕಿಯ ದಿನವೇ ತೊಡಿಸಬೇಕು ಅಂದಳು. ಇದನ್ನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ, ಆದರೆ ತಾಳಿ ಕಟ್ಟಿದ್ದು ಒಳಮನೆಯಲ್ಲಿ, ಕಾಣದ್ದನ್ನು ಕಂಡೆ ಅನ್ನಲಾರೆ ಎಂದಳು.

ಒಂದು ಕಡೆ ಪೂರ್ತಿ ಎಂದು ಸುಳ್ಳು ಸಹಿ ಹಾಕಿದ ನಾನು, ಇನ್ನೊಂದು ಕಡೆ ಕಾಣದ್ದನ್ನು ಹೇಳಲಾರೆ ಅನ್ನುವ ಈ ಬಳೆಗಾರ್ತಿ. ತಲೆ ತಗ್ಗಿಸಿ ಗಾಜಿನ ಚೂರುಗಳನ್ನು ನೋಡುತ್ತ ಕುಳಿತೆ.

"ಸೀರಿ ಉಡಿಸಿದಾಕಿ?" ಎಂದು ಕೇಳಲೇಬೇಕಾಯಿತು.

"ಹೆಸರು ಗೊತ್ತಿಲ್ರಿ. ಕಾಗಿನೆಲಿ ಅಜ್ಜಿ ಅಂತಿದ್ರು. ಉಡಕಿ ಸೀರಿ ಯಾರ್ಯಾರೋ ಉಡಸಾಂಗಿಲ್ಲಲ್ರಿ ನಿಮ್ಮ ಮಂದ್ಯಾಗ. ತಾನೂ ಉಡಕಿ ಆಗಿ, ಚಂದಾಗಿ ಬಾಳುವಿ ಮಾಡಿದಾಕಿನ ಉಡಿಸಬೇಕು. ಅಂಥಾಕಿನ್ನ ಹುಡುಕಿ ತಂದಿದ್ರು."

"ಮುಖ ನೆನಪೈತೇನವಾ?"

"ನಾ ಮುಖ ಮರೀತೇನ್ರಿ ಅಣ್ಣಾರ, ಮುಂಗೈ ಮರಿಯಂಗಿಲ್ಲ. ನಲವತ್ತು ವರ್ಷದ ಕೆಲಸ." ಅವಳು ತನ್ನ ಎಡಗೈ ಮುಂದೆ ಚಾಚಿದಳು. "ಹುಡುಗಿ ಕೈ ಗಡಗಡ ನಡುಗತಿತ್ತು, ಬಳಿ ಒಳಗ ಹೋಗವಲ್ದು. ಆ ಅಜ್ಜಿ ತನ್ನ ತೊಡಿ ಮ್ಯಾಲೆ ಆಕಿ ಕೈ ಇಟಗೊಂಡು ಹಿಡಕೊಂಡ್ಲು. ಅಜ್ಜಿ ಎಡಮುಂಗೈ ಸೊಟ್ಟ ಇತ್ರಿ. ಎಂದೋ ಮುರಿದು, ಹಂಗ ಕೂಡಿಕೊಂಡಿತ್ತು. ಎಲುಬು ಇಲ್ಲೆ, ಹೆಬ್ಬೆರಳ ಬುಡಕ್ಕ ಎದ್ದಿತ್ತು."

ಮುಂದೆ ಕೇಳುವುದೇನೂ ಉಳಿದಿರಲಿಲ್ಲ.

ಆ ಕೈಯಿಂದ ನಾನು ಉಂಡಿದ್ದೇನೆ. ಕಾಗಿನೆಲೆಯ ಶಾಲೆಯಲ್ಲಿ ಹುಡುಗರು ಉಡಕಿ ಮಗ ಅಂದಾಗ ಅಳುತ್ತ ಬಂದು ಅದೇ ಕೈಯನ್ನು ಕೊಡವಿ ದೂರ ಸರಿದಿದ್ದೇನೆ. ನಮ್ಮಪ್ಪ ನಿಂಗಪ್ಪ ಅವ್ವನ ಎರಡನೇ ಗಂಡ. ಅವಳ ಸೀರೆಯ ಮೇಲೂ ಅಕ್ಕಿಕಾಳು ಬಿದ್ದಿರಲಿಲ್ಲ. ನೌಕರಿ ಸಿಕ್ಕು ಹಾವೇರಿಗೆ ಬಂದ ದಿನವೇ ಆ ಸುದ್ದಿಯನ್ನು ಊರಲ್ಲಿ ಬಿಟ್ಟು ಬಂದಿದ್ದೆ. ನಾಲ್ಕು ವರ್ಷದ ಹಿಂದೆ ಅವ್ವ ಕಾಗಿನೆಲೆಯಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಳು. ಎರಡು ತಿಂಗಳ ಹಿಂದೆ ಕಣ್ಣಿನ ಪೊರೆ ತೆಗೆಸಲೆಂದು ನಾನೇ ಕರೆತಂದೆ. ಅಂದಿನಿಂದ ನನ್ನ ಮನೆಯಲ್ಲೇ ಇದ್ದಾಳೆ.

ಹಜರತಅಲಿ ಕಾಗಿನೆಲೆಯ ತುಂಬ ಹುಡುಕುತ್ತಿರುವ ಸಾಕ್ಷಿ ಹಾವೇರಿಯಲ್ಲಿ ನನ್ನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸಾವಿರ ಮನೆಗೆ ಸಮನ್ಸ್ ಮುಟ್ಟಿಸಿದವನಿಗೆ ಸ್ವಂತ ಮನೆಯ ಬಾಗಿಲು ಗೊತ್ತಾಗಿರಲಿಲ್ಲ.

*

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅವ್ವ ಮುದುಕವ್ವ ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. ನಾನು ಏನೂ ಹೇಳದೆ ಅವಳ ಎಡಗೈ ಹಿಡಿದುಕೊಂಡೆ. ಹೆಬ್ಬೆರಳ ಬುಡದಲ್ಲಿ ಎಲುಬು ಎದ್ದಿತ್ತು.

"ರಾಣೆಬೆನ್ನೂರಿಗೆ ಹೋಗಿದ್ದೇನು?" ಅಂದಳು. "ಅಕ್ಬರಬಿ ಆರಾಮ ಅದಾಳೇನು?"

"ನಿನಗ ಎಲ್ಲಾ ಗೊತ್ತಿತ್ತೇನು?"

"ಹೋದ ತಿಂಗಳ ಇಲ್ಲೇ ಕುಂತು ಫೋನಿನ್ಯಾಗ ಆ ಹುಡುಗಿ ಮಾತು ಹಚ್ಚಿ ಹಚ್ಚಿ ನಿಂದ್ರಸ್ತಿದ್ದಿ. ಕಣ್ಣಿಗೆ ಪಟ್ಟಿ ಇದ್ರ ಕಿವಿಗಿ ಏನಾಗಿತ್ತು? ದನಿ ಗುರುತು ಹತ್ತಿತು."

ಹಾಗಾದರೆ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಏರಿತ್ತು. ತಪ್ಪು ಮಾಡಿದವನಿಗೆ ಸಿಟ್ಟು ಲಗೂ ಬರುತ್ತದೆ.

"ನೀನ ಹೇಳ್ತಿ ಅಂತ ಕಾಯಾಕತ್ತಿದ್ದೆ, ಯಪ್ಪಾ. ನೀ ಆಕಿ ಕಡೆ ಇದ್ದಿ ಅಂತ ತಿಳಕೊಂಡಿದ್ದೆ. ಉಡಕಿ ಹುಡುಗಿಗೆ ನನ್ನ ಮಗ ನ್ಯಾಯ ಕೊಡಸಾಕ ಹೊಂಟಾನ ಅಂತ."

ಅವಳು ಗೋಡೆಯ ಕಡೆ ತೋರಿಸಿದಳು. ಅಲ್ಲಿ ಗೂಟಕ್ಕೆ ಇಳಕಲ್ ಸೀರೆಯೊಂದು ಒಗೆದು ಮಡಿಚಿ ತೂಗುಹಾಕಿತ್ತು. ಅದು ಅಲ್ಲಿ ಬಂದು ಎಷ್ಟು ದಿನವಾಯಿತೋ, ನಾನು ನೋಡಿಯೇ ಇರಲಿಲ್ಲ. ಕೋರ್ಟಿಗೆ ಕರೆದರೆ ಉಟ್ಟುಕೊಳ್ಳಲು ಎಂದು ತೆಗೆದಿಟ್ಟಿದ್ದಳು.

ನನಗೆ ಅಳು ಬಂತು. ಅರವತ್ತೆರಡರ ವಯಸ್ಸಿನಲ್ಲಿ ಅವ್ವನ ಮುಂದೆ ಅಳಲೂ ನಾಚಿಕೆಯಾಯಿತು. ಕಟಕಟೆಯಲ್ಲಿ ಅವಳು ನಿಂತ ಗಳಿಗೆ ಮೈಲೇಶ ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತಿತ್ತು. ನೀನೂ ಉಡಕಿಯೇ ಏನಮ್ಮಾ? ಹಿಂದಿನ ಬೆಂಚಿನವರು ಆಗಲೂ ನಗುತ್ತಾರೆ. ಕೋರ್ಟಿನಲ್ಲಿ ನನಗೆ ನಮಸ್ಕಾರ ಮಾಡುವವರೆಲ್ಲ ಅಲ್ಲೇ ಇರುತ್ತಾರೆ.

"ನಾ ಬಂದ್ರ ನಿನಗ ನಾಚಿಕಿ ಆಕ್ಕೈತೇನು?" ಅವ್ವ ಕೇಳಿದಳು.

ಇಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನು ರಿಂಗಾಯಿತು. ಮೈಲೇಶ. ಎತ್ತದೆ ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಅವ್ವ ಕೈ ಚಾಚಿದಳು. ಅವಳಿಗೆ ಫೋನು ಕೊಡುವಾಗ ಸ್ಪೀಕರ್ ಒತ್ತಿ ಕೊಡುವುದು ನನಗೆ ರೂಢಿ, ಹಾಗೆಯೇ ಕೊಟ್ಟೆ.

"ಸೋಮಣ್ಣಾರ, ಆ ಮುದುಕಿ ಸಿಕ್ಕಳೇನ್ರಿ?"

"ಸಿಕ್ಕಾಳ್ರೀ ವಕೀಲ್ರ" ಅಂದಳು ಅವ್ವ. "ಆಕಿನ ಮಾತಾಡಾಕತ್ತೇನಿ. ಸೋಮಣ್ಣನ ಅವ್ವ ನಾ. ಗುರುವಾರ ಬರ್ತೇನಿ, ತಾಳಿ ಕಟ್ಟಿದ್ದು ನೋಡೇನಿ ಅಂತ ಹೇಳ್ತೇನಿ."

ಮೈಲೇಶ ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆ ಇನ್ನೂ ಹೆಚ್ಚಾಗಿತ್ತು.

"ಬರ್ರಿ ಅಮ್ಮಾರ, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದು ಮಾತು ತಿಳಕೊಂಡು ಬರ್ರಿ. ಆ ಹುಡುಗಿ ಮಾತು ಪೂರಾ ಐತಿ, ಒಂದಕ್ಷರ ಕತ್ತರಿಸಿಲ್ಲ ಅಂತ ನಿಮ್ಮ ಮಗ ಕೋರ್ಟಿಗೆ ಕಾಗದ ಬರಕೊಟ್ಟಾರ. ನೀವು ಉಡಕಿ ಅಂದ ಗಳಿಗ್ಗೆ ಹಜರತಅಲಿ ನಿಮ್ಮ ಮಗನ ಫೋನು ತರಿಸಿ ನೋಡ್ತಾರ. ಸುಳ್ಳು ಪ್ರಮಾಣಕ್ಕ ಜೈಲೈತ್ರಿ. ಮಗನ್ನ ಕಳಸ್ತೀರೋ ಏನೋ, ನಿಮಗ ಬಿಟ್ಟದ್ದು."

ಫೋನು ಇಟ್ಟರು.

ಅವ್ವ ಕನ್ನಡಕ ತೆಗೆದಳು. ಪೊರೆ ತೆಗೆದ ಕಣ್ಣುಗಳಿಗೆ ಈಗ ಚೆನ್ನಾಗಿ ಕಾಣಿಸುತ್ತದೆ ಅನ್ನುತ್ತಿದ್ದಳು. ಅಂದು ಮೊದಲ ಸಲ ಅವು ನನ್ನ ಮೇಲೆ ನೆಟ್ಟು ನಿಂತವು.

"ನೀ ಆಕಿ ಕಡೆ ಇಲ್ಲೇನು?"

ನಾನು ಗೂಟಕ್ಕೆ ತೂಗುತ್ತಿದ್ದ ಇಳಕಲ್ ಸೀರೆಯನ್ನು ನೋಡಿದೆ.

"ಆ ಕಾಗದ ಐತೇನು ಮನ್ಯಾಗ?"

ನಕಲು ಚೀಲದಲ್ಲಿತ್ತು. ತೆಗೆದು ಅವಳ ಮುಂದೆ ಇಟ್ಟೆ. ಅವ್ವನಿಗೆ ಓದಲು ಬರುವುದಿಲ್ಲ. ಕೆಳಗಿನ ನನ್ನ ಸಹಿಯ ಮೇಲೆ ಸೊಟ್ಟ ಕೈಯನ್ನು ಒಮ್ಮೆ ಆಡಿಸಿ ಕಾಗದವನ್ನು ನನ್ನ ಕಡೆಗೇ ತಳ್ಳಿದಳು.

"ಓದು. ಏನು ಬರದೀ ಅಂತ ನನಗ ಕೇಳಬೇಕು. ಮದ್ಲಿಂದ ಓದು."

ಕಾಗದ ಹಿಡಿದ ಕೈ ನಡುಗುತ್ತಿತ್ತು. ಹಲಗೇರಿಯಲ್ಲಿ ಶಿಲ್ಪಾಳ ಕೈ ಹಿಡಿದುಕೊಳ್ಳಲು ಅವಳಿದ್ದಳು, ಇಲ್ಲಿ ಅವಳು ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು.

ಓದತೊಡಗಿದೆ. "ನಾನು, ಸೋಮಣ್ಣ, ತಂದೆ..."

ಅಲ್ಲಿ ನಿಂತೆ. ಮುಂದಿನ ಹೆಸರನ್ನು ನಾನೇ ಬರೆದಿದ್ದೆ, ನನ್ನದೇ ಅಕ್ಷರ. ಅಕ್ಕಿಕಾಳು ಬೀಳದ್ದು ಮದುವೆಯೇ ಅಲ್ಲ ಎಂದು ತೋರಿಸಲು ಬರೆದ ಕಾಗದದ ಮೊದಲ ಸಾಲಿನಲ್ಲಿ ನಿಂಗಪ್ಪ ಎಂದಿತ್ತು.

"ಯಾಕ ನಿಂತಿ?" ಅಂದಳು ಅವ್ವ. "ನಿಮ್ಮಪ್ಪನ ಹೆಸರು ಓದು."